ತೋಡಿನ ಆಚೆ, ಈಚೆ: ಮತಕ್ಷೇತ್ರದ ಗೆರೆ ಎಳೆಯುವವರು ಯಾರು?

2024ರ ನವೆಂಬರ್. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪಂಚಾಯತಿನ ನೋಟಿಸ್ ಬೋರ್ಡಿನ ಎದುರು ನಾಲ್ಕೈದು ಜನ ನಿಂತಿದ್ದರು. ಹೊಸ ವಾರ್ಡುಗಳ ಕರಡು ನಕ್ಷೆ ಬಂದಿತ್ತು. ಪಕ್ಕದ ಮನೆಯ ಮಾವ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದರು. "ಇದ್ರಲ್ಲಿ ನಮ್ಮ ತೋಡು ಎಲ್ಲಿ ಮಾರಾಯ?" ಅಂದರು. ತೋಡು, ಅಂದರೆ ಸಣ್ಣ ಹಳ್ಳ, ಇತ್ತು. ಆದರೆ ಅದರ ಹೆಸರು, ಆಚೆ ಗುಡ್ಡೆಯ ಹೆಸರು, ಈಚೆ ಶಾಲೆಯ ಹೆಸರು ಎಲ್ಲವೂ ಮಲಯಾಳದಲ್ಲಿತ್ತು. ಮಾವನಿಗೆ ಮಲಯಾಳ ಮಾತಾಡಲು ಚೆನ್ನಾಗಿಯೇ ಬರುತ್ತದೆ. ಓದಲು ಬರುವುದಿಲ್ಲ. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ.

ನಾನು ಓದಿ ಹೇಳಿದೆ. ಹೊಸ ಗೆರೆ ತೋಡಿನ ಉದ್ದಕ್ಕೂ ಹೋಗಿತ್ತು. ಕಾಗದದಲ್ಲಿ ನೋಡಿದರೆ ಅದಕ್ಕಿಂತ ಚಂದದ ಗಡಿ ಇಲ್ಲ. ಆದರೆ ನಮ್ಮ ಊರಿನಲ್ಲಿ ತೋಡು ಜನರನ್ನು ಬೇರೆ ಮಾಡುವುದಿಲ್ಲ, ಸೇರಿಸುತ್ತದೆ. ಆಚೆ ಬದಿಯಲ್ಲಿ ಹನ್ನೊಂದು ಮನೆ. ಆ ಮಕ್ಕಳು ಸಂಕ, ಅಂದರೆ ಕಾಲುಸೇತುವೆ, ದಾಟಿ ಈಚೆಯ ಕನ್ನಡ ಶಾಲೆಗೆ ಬರುತ್ತಾರೆ. ಮಳೆ ನಿಂತ ಮೇಲೆ ಎರಡೂ ಬದಿಯವರು ಸೇರಿ ಕಲ್ಲು, ಮಣ್ಣು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಾರೆ. ಆ ನೀರಿನಲ್ಲೇ ಬೇಸಗೆಯಲ್ಲಿ ಎರಡೂ ಬದಿಯ ಅಡಕೆ ತೋಟ ಉಳಿಯುವುದು.

ಕೇರಳದಲ್ಲಿ ಗ್ರಾಮಸಭೆ ಪಂಚಾಯತಿಗೆ ಒಂದಲ್ಲ, ವಾರ್ಡಿಗೆ ಒಂದು. ಯಾವ ರಸ್ತೆಗೆ ಡಾಮರು, ಯಾವ ಕಟ್ಟಕ್ಕೆ ಸಹಾಯ, ಮನೆ ಕಟ್ಟಲು ಯಾರ ಹೆಸರು ಮೊದಲು ಎಂಬ ಮಾತೆಲ್ಲ ಶುರುವಾಗುವುದು ಅಲ್ಲಿಂದ. ಹಾಗಾಗಿ ವಾರ್ಡಿನ ಗೆರೆ ಅಂದರೆ ಓಟಿನ ದಿನ ಯಾವ ಬೂತಿಗೆ ಹೋಗಬೇಕು ಅನ್ನುವಷ್ಟೇ ಅಲ್ಲ. ಒಂದೇ ಕಟ್ಟದ ನೀರು ಕುಡಿಯುವ ತೋಟದವರು ಎರಡು ಬೇರೆ ಸಭೆಗಳಲ್ಲಿ ಕೂತು ಎರಡು ಬೇರೆ ಮೆಂಬರುಗಳನ್ನು ಕೇಳಬೇಕು ಅಂತ ಆ ಗೆರೆ ಹೇಳುತ್ತಿತ್ತು.

"ಇದನ್ನು ಎಳೆದದ್ದು ಯಾರು?" ಅಂತ ಮಾವ ಕೇಳಿದರು. ನಾನು ಅಲ್ಲೇ ಏನೋ ಒಂದು ಉತ್ತರ ಕೊಟ್ಟೆ. ಆದರೆ ಆ ಪ್ರಶ್ನೆ ಮನೆಗೂ ಬಂತು. ಯಾಕೆಂದರೆ ಇದು ನಮ್ಮ ಪಂಚಾಯತಿನದ್ದು ಮಾತ್ರ ಅಲ್ಲ. ಜನಪ್ರತಿನಿಧಿಗಳನ್ನು ಆರಿಸುವ ಪ್ರತಿ ದೇಶವೂ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಭಾರತದಲ್ಲಿ ಇನ್ನು ಕೆಲವು ವರ್ಷ ಅತಿ ಜಾಸ್ತಿ ಚರ್ಚೆಯಾಗುವ ಪ್ರಶ್ನೆಯೂ ಇದೇ.

ಮೊದಲು ವಾರ್ಡಿನ ಗೆರೆಯ ಉತ್ತರ. ಕೇರಳದಲ್ಲಿ ಅದಕ್ಕೊಂದು ಡಿಲಿಮಿಟೇಶನ್ ಕಮಿಷನ್, ಅಂದರೆ ಕ್ಷೇತ್ರ ಮರುವಿಂಗಡಣೆಯ ಆಯೋಗ, ಇರುತ್ತದೆ. ರಾಜ್ಯ ಚುನಾವಣಾ ಆಯುಕ್ತರು ಅಧ್ಯಕ್ಷರು. ಹಿರಿಯ ಸರ್ಕಾರಿ ಅಧಿಕಾರಿಗಳು ನಾಲ್ವರು ಸದಸ್ಯರು. ಆದರೆ ಮೊದಲ ಕರಡು ತಯಾರಾಗುವುದು ಪಂಚಾಯತ್ ಕಾರ್ಯದರ್ಶಿಯ ಮೇಜಿನ ಮೇಲೆ. ಅದು ಜಿಲ್ಲಾಧಿಕಾರಿಗಳ ಮೂಲಕ ಕಮಿಷನ್ನಿಗೆ ಹೋಗುತ್ತದೆ, ಪ್ರಕಟವಾಗುತ್ತದೆ, ತಕರಾರು ಇದ್ದವರು ಅರ್ಜಿ ಹಾಕಬಹುದು. ಈ ಸಲ 2011ರ ಜನಗಣತಿಯ ಲೆಕ್ಕದಲ್ಲಿ ರಾಜ್ಯದ ಗ್ರಾಮ ಪಂಚಾಯತ್ ವಾರ್ಡುಗಳು 15,962ರಿಂದ 17,337ಕ್ಕೆ ಏರಿದವು. 2025ರ ಡಿಸೆಂಬರಿನಲ್ಲಿ ನಾವು ಓಟು ಹಾಕಿದ್ದು ಈ ಹೊಸ ಗೆರೆಗಳ ಮೇಲೆ.

ಎಂ.ಎಲ್.ಎ ಮತ್ತು ಎಂ.ಪಿ ಕ್ಷೇತ್ರದ ಗೆರೆ ಬೇರೆ ಕೈಯಿಂದ ಬರುತ್ತದೆ. ಅದಕ್ಕೆ ಸಂಸತ್ತು ಪ್ರತಿ ಸಲ ಬೇರೆ ಕಾನೂನು ಮಾಡಬೇಕು. 1952, 1962, 1972 ಮತ್ತು 2002ರಲ್ಲಿ ಹಾಗೆ ಮಾಡಿದೆ. ಆ ಕಾನೂನಿನಡಿ ಕೇಂದ್ರ ಸರ್ಕಾರ ಡಿಲಿಮಿಟೇಶನ್ ಆಯೋಗ ನೇಮಿಸುತ್ತದೆ. 2002ರ ಕಾನೂನಿನ ಪ್ರಕಾರ ಅದರಲ್ಲಿ ಮೂವರು. ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರು ಅಧ್ಯಕ್ಷರು. ಮುಖ್ಯ ಚುನಾವಣಾ ಆಯುಕ್ತರು ಅಥವಾ ಅವರು ಹೆಸರಿಸಿದ ಇನ್ನೊಬ್ಬ ಆಯುಕ್ತರು ಒಬ್ಬ ಸದಸ್ಯರು. ಆಯಾ ರಾಜ್ಯದ ಚುನಾವಣಾ ಆಯುಕ್ತರು ಇನ್ನೊಬ್ಬರು. ರಾಜ್ಯದ ಐವರು ಎಂ.ಪಿ.ಗಳು, ಐವರು ಎಂ.ಎಲ್.ಎ.ಗಳು ಜೊತೆಗೆ ಕೂರುತ್ತಾರೆ. ಮಾತಾಡಬಹುದು, ಆದರೆ ಅವರಿಗೆ ಮತ ಇಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ ಎಳೆದ ಗೆರೆಗಳು 2008ರಲ್ಲಿ ಜಾರಿಗೆ ಬಂದವು. ಆ ಗೆರೆಗಳ ಮೇಲೆ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಆಚೆ ಕರ್ನಾಟಕದಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ.

ಆಯೋಗದ ಕೊನೆಯ ಆದೇಶಕ್ಕೆ ಕಾನೂನಿನ ಬಲ ಇದೆ. ಸಂಸತ್ತಿನಲ್ಲಿ ಮಂಡಿಸುತ್ತಾರೆ, ಆದರೆ ಒಂದು ಅಕ್ಷರ ಬದಲಿಸುವ ಹಾಗಿಲ್ಲ. ಸಂವಿಧಾನದ 329ನೇ ವಿಧಿ ಕೋರ್ಟಿನ ಬಾಗಿಲನ್ನೂ ಮುಚ್ಚಿದೆ. 2024ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನು ಸ್ವಲ್ಪ ಸರಿಸಿತು. ಆದೇಶ ಕಣ್ಣಿಗೆ ರಾಚುವಷ್ಟು ಮನಸ್ಸಿಗೆ ಬಂದ ಹಾಗೆ ಇದ್ದರೆ, ಸಂವಿಧಾನದ ಮೌಲ್ಯಗಳಿಗೆ ಸರಿಹೊಂದದಿದ್ದರೆ ನಾವು ನೋಡಬಹುದು ಅಂತ ಹೇಳಿತು.

ನಮ್ಮಲ್ಲಿ ಮನೆ ಪಾಲಾಗುವಾಗ ಹೊರಗಿನ ನಾಲ್ಕು ಜನರನ್ನು ಕರೆಯುತ್ತಾರೆ. ಪಾಲುದಾರನ ಕೈಗೇ ಅಳತೆ ಹಗ್ಗ ಕೊಡುವುದಿಲ್ಲ. ಗೆದ್ದು ಬಂದವರು ತಮ್ಮ ಕ್ಷೇತ್ರದ ಗೆರೆಯನ್ನು ತಾವೇ ಎಳೆಯಬಾರದು ಅನ್ನುವುದೂ ಇದೇ ನ್ಯಾಯ. ಭಾರತ ಇದನ್ನು 1952ರಲ್ಲೇ ಒಪ್ಪಿಕೊಂಡಿತು. ಆಗ ಎಷ್ಟೋ ಶ್ರೀಮಂತ ದೇಶಗಳಲ್ಲೂ ಇದು ಇರಲಿಲ್ಲ. ಇದರ ಬಗ್ಗೆ ನನಗೆ ಹೆಮ್ಮೆ ಇದೆ.

ಹಗ್ಗ ಪಾಲುದಾರನ ಕೈಯಲ್ಲಿದ್ದರೆ

ಅಮೆರಿಕದಲ್ಲಿ ಈಗಲೂ ಹೆಚ್ಚಿನ ರಾಜ್ಯಗಳಲ್ಲಿ ಹಗ್ಗ ಪಾಲುದಾರನ ಕೈಯಲ್ಲೇ ಇದೆ. ರಾಜ್ಯದ ಶಾಸನಸಭೆ ನಕ್ಷೆ ಮಾಡುತ್ತದೆ. ಅಲ್ಲಿ ಬಹುಮತ ಯಾರದ್ದೋ ಅವರಿಗೆ ಬೇಕಾದ ಹಾಗೆ ಗೆರೆ ಹೋಗುತ್ತದೆ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಾಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಆಕಾರದಲ್ಲಿತ್ತು. ಪತ್ರಿಕೆಯವರು ಎರಡೂ ಹೆಸರು ಸೇರಿಸಿ ಜೆರಿಮ್ಯಾಂಡರ್ ಅಂದರು. ಲೋಕವೆಲ್ಲ ಇವತ್ತೂ ಈ ಮೋಸವನ್ನು ಕರೆಯುವುದು ಆ ಹೆಸರಿನಿಂದಲೇ.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅಡಕೆ ಗೋಣಿಯ ಲೆಕ್ಕದಲ್ಲಿ ಹೇಳಬಹುದು. ಎದುರಾಳಿಯ ಓಟುಗಳನ್ನು ಒಂದೇ ಗೋಣಿಗೆ ತುರುಕಿದರೆ ಅವನು ಒಂದು ಕಡೆ ಭಾರಿ ಅಂತರದಿಂದ ಗೆಲ್ಲುತ್ತಾನೆ, ಉಳಿದ ಕಡೆ ಸೋಲುತ್ತಾನೆ. ಇಲ್ಲದಿದ್ದರೆ ಅವನ ಓಟುಗಳನ್ನು ಎಲ್ಲ ಗೋಣಿಗಳಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಅವನು ಎಲ್ಲ ಕಡೆಯೂ ಸ್ವಲ್ಪದರಲ್ಲಿ ಸೋಲುತ್ತಾನೆ. ಒಂದು ಓಟೂ ಕಳ್ಳ ಓಟಲ್ಲ. ಎಣಿಕೆ ಸರಿಯಾಗಿಯೇ ಇರುತ್ತದೆ. ಫಲಿತಾಂಶ ಮಾತ್ರ ಗೆರೆ ಎಳೆದ ದಿನವೇ ಅರ್ಧ ಬರೆದಾಗಿರುತ್ತದೆ.

ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟು 1964ರಲ್ಲೇ ಹೇಳಿತು. ಆದರೆ ಪಕ್ಷದ ಲಾಭಕ್ಕೆ ಗೆರೆ ತಿರುಚಿದರೆ ನಾವು ಕೈ ಹಾಕುವುದಿಲ್ಲ ಅಂತ 2019ರಲ್ಲಿ ತೀರ್ಪು ಕೊಟ್ಟಿತು. ಐದು ನ್ಯಾಯಾಧೀಶರು ಆ ಕಡೆ, ನಾಲ್ವರು ಈ ಕಡೆ. ಕ್ಯಾಲಿಫೋರ್ನಿಯಾದ ಜನ ಬೇರೆ ದಾರಿ ಹಿಡಿದಿದ್ದರು. 2008 ಮತ್ತು 2010ರ ಜನಮತದ ಮೂಲಕ ಅವರು ಹಗ್ಗವನ್ನು ರಾಜಕಾರಣಿಗಳ ಕೈಯಿಂದ ಕಿತ್ತು ಹದಿನಾಲ್ಕು ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು. ಐವರು ಒಂದು ಪಕ್ಷದವರು, ಐವರು ಇನ್ನೊಂದು ಪಕ್ಷದವರು, ನಾಲ್ವರು ಎರಡಕ್ಕೂ ಸೇರದವರು. ಮೊದಲ ಎಂಟು ಹೆಸರು ಚೀಟಿ ಎತ್ತಿ ಬರುತ್ತದೆ. ಓದಿದಾಗ ಎಷ್ಟು ಚಂದ ಅನಿಸಿತು! ಆದರೆ 2025ರ ಆಗಸ್ಟಿನಲ್ಲಿ ಟೆಕ್ಸಾಸಿನವರು ಜನಗಣತಿಗೂ ಕಾಯದೆ ತಮ್ಮ ಪಕ್ಷಕ್ಕೆ ಐದು ಸೀಟು ಜಾಸ್ತಿ ಬರುವಂತೆ ನಕ್ಷೆ ಬದಲಿಸಿದರು. ಅದಕ್ಕೆ ಉತ್ತರವಾಗಿ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ತಮ್ಮ ನಾಗರಿಕ ಆಯೋಗದ ನಕ್ಷೆಯನ್ನು ಕೆಲವು ವರ್ಷಕ್ಕೆ ಬದಿಗಿಟ್ಟು ಶಾಸನಸಭೆಯ ನಕ್ಷೆಗೆ ಒಪ್ಪಿಗೆ ಕೊಟ್ಟರು. ಒಳ್ಳೆಯ ವ್ಯವಸ್ಥೆ ಒಂದು ರಾಜ್ಯದಲ್ಲಿ ಮಾತ್ರ ಇದ್ದರೆ ಅದು ಎಷ್ಟು ದಿನ ಉಳಿದೀತು ಅನ್ನುವ ಪ್ರಶ್ನೆ ನನ್ನನ್ನು ಕಾಡುತ್ತದೆ.

ಐರ್ಲೆಂಡಿನಲ್ಲಿ ಪಾಠ ಬೇರೆ ರೀತಿ ಆಯಿತು. ಅಲ್ಲಿ ಮಂತ್ರಿಯೇ ಗೆರೆ ಎಳೆಯುತ್ತಿದ್ದರು. 1974ರಲ್ಲಿ ಜೇಮ್ಸ್ ಟಲಿ ಎಂಬ ಮಂತ್ರಿ ತಮ್ಮ ಮೈತ್ರಿಕೂಟಕ್ಕೆ ಲಾಭವಾಗುವಂತೆ ಕ್ಷೇತ್ರಗಳನ್ನು ಕತ್ತರಿಸಿದರು. 1977ರ ಚುನಾವಣೆಯಲ್ಲಿ ಜನರ ಮನಸ್ಸು ತಿರುಗಿತು. ಅದೇ ಗೆರೆಗಳು ಎದುರಾಳಿಗೆ ಲಾಭ ತಂದು 148ರಲ್ಲಿ 84 ಸೀಟು ಕೊಟ್ಟವು. ಆಮೇಲೆ ಆ ದೇಶ ಈ ಕೆಲಸವನ್ನು ಸ್ವತಂತ್ರ ಆಯೋಗಗಳಿಗೆ ಬಿಟ್ಟಿತು.

ಬ್ರಿಟನ್ನಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ಒಂದೊಂದು ಆಯೋಗ. 2020ರ ತಿದ್ದುಪಡಿಯ ನಂತರ ಆಯೋಗ ಹೇಳಿದ್ದು ತಾನಾಗಿ ಜಾರಿಯಾಗುತ್ತದೆ, ಸಂಸತ್ತಿನ ಮತ ಬೇಕಿಲ್ಲ. ಕೆನಡಾದಲ್ಲಿ 1964ರ ಕಾನೂನಿನಿಂದ ಪ್ರತಿ ಪ್ರಾಂತಕ್ಕೆ ಒಂದು ಆಯೋಗ, ಈಗ ಅದರಲ್ಲಿ ಮೂವರು. ಪ್ರಾಂತದ ಮುಖ್ಯ ನ್ಯಾಯಾಧೀಶರು ಹೆಸರಿಸಿದ ಒಬ್ಬ ನ್ಯಾಯಾಧೀಶರು ಅಧ್ಯಕ್ಷರು, ಇಬ್ಬರನ್ನು ಸ್ಪೀಕರ್ ಆರಿಸುತ್ತಾರೆ. ಎಂ.ಪಿ.ಗಳು ಆಕ್ಷೇಪ ಹೇಳಬಹುದು, ಕೊನೆಯ ಮಾತು ಆಯೋಗದ್ದು. ಜರ್ಮನಿಯಲ್ಲಿ ಆಯೋಗ ಸಲಹೆ ಮಾತ್ರ ಕೊಡುತ್ತದೆ, ಸಂಸತ್ತು ಕಾನೂನು ಮಾಡುತ್ತದೆ. ಸಿಂಗಾಪುರದಲ್ಲಿ ಪ್ರಧಾನಿ ನೇಮಿಸಿದ ಅಧಿಕಾರಿಗಳ ಸಮಿತಿ. 2025ರಲ್ಲಿ ಅದರ ವರದಿ ಹೊರಬಂದದ್ದು ಮಾರ್ಚ್ 11ಕ್ಕೆ, ಚುನಾವಣೆ ಮೇ 3ಕ್ಕೆ. ತಕರಾರು ಹೇಳಲು ಯಾರಿಗೂ ಪುರುಸೊತ್ತೇ ಇಲ್ಲ, ಅಲ್ವಾ?

ಈ ಸಾಲಿನಲ್ಲಿ ಭಾರತ ಒಳ್ಳೆಯ ಜಾಗದಲ್ಲೇ ಇದೆ. ಆದರೆ ಸಂದುಗಳು ಇವೆ. ಆಯೋಗದ ಅಧ್ಯಕ್ಷರನ್ನು ಆರಿಸುವುದು ಕೇಂದ್ರ ಸರ್ಕಾರ, ಕೆನಡಾದ ಹಾಗೆ ನ್ಯಾಯಾಂಗ ಅಲ್ಲ. ಜಮ್ಮು ಕಾಶ್ಮೀರದ ಆಯೋಗ 2022ರಲ್ಲಿ ಏಳು ಹೊಸ ಸೀಟುಗಳಲ್ಲಿ ಆರನ್ನು ಜಮ್ಮುವಿಗೂ ಒಂದನ್ನು ಕಾಶ್ಮೀರಕ್ಕೂ ಕೊಟ್ಟಿತು. 2011ರ ಲೆಕ್ಕದಲ್ಲಿ ಜನ ಜಾಸ್ತಿ ಇದ್ದದ್ದು ಕಾಶ್ಮೀರದಲ್ಲಿ. ಅಸ್ಸಾಮಿನಲ್ಲಿ 2023ರಲ್ಲಿ ಈ ಕೆಲಸ ಮಾಡಿದ್ದು ಚುನಾವಣಾ ಆಯೋಗವೇ. ಆಡಳಿತದ ಗಡಿಗಳನ್ನು ಇನ್ನು ಮುಟ್ಟಬಾರದು ಅನ್ನುವ ದಿನಾಂಕಕ್ಕೆ ಒಂದು ದಿನ ಮೊದಲು, 2022ರ ಡಿಸೆಂಬರ್ 31ಕ್ಕೆ, ಅಲ್ಲಿನ ಸರ್ಕಾರ ನಾಲ್ಕು ಜಿಲ್ಲೆಗಳನ್ನು ಹಳೆಯ ಜಿಲ್ಲೆಗಳಿಗೆ ವಾಪಸ್ ಸೇರಿಸಿತು. ಜಿಲ್ಲೆಯ ಗಡಿ ಬದಲಾದರೆ ಕ್ಷೇತ್ರದ ಗಡಿಯೂ ಅಲುಗಾಡುತ್ತದೆ. ಅಂದರೆ ಹಗ್ಗ ಹಿಡಿಯದೆಯೂ ನೆಲ ಸರಿಸಬಹುದು.

ಕೈ ಸರಿ ಇದ್ದರೂ ಕಣ್ಣು ಎಲ್ಲಿ?

ಯಾರು ಎಳೆಯುತ್ತಾರೆ ಅನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ. ಎಳೆಯುವವರು ಏನನ್ನು ನೋಡಿ ಎಳೆಯಬೇಕು? ನಮ್ಮ ಜಿಲ್ಲೆಯವರಿಗೆ ಇದೇ ದೊಡ್ಡ ಪ್ರಶ್ನೆ ಅಂತ ನನಗೆ ಅನಿಸುವುದು.

2002ರ ಡಿಲಿಮಿಟೇಶನ್ ಕಾನೂನಿನ ಒಂಬತ್ತನೇ ವಿಭಾಗದಲ್ಲಿ ಇದಕ್ಕೆ ಉತ್ತರ ಇದೆ. ಕ್ಷೇತ್ರಗಳು ಸಾಧ್ಯವಾದಷ್ಟು ಒಟ್ಟೊಟ್ಟಿಗೆ ಇರಬೇಕು. ಬೆಟ್ಟ, ಹೊಳೆಯಂಥ ನೆಲದ ಗುಣ ನೋಡಬೇಕು. ಈಗಿರುವ ಆಡಳಿತದ ಗಡಿ ನೋಡಬೇಕು. ಸಾರಿಗೆ ಸಂಪರ್ಕ, ಜನರ ಅನುಕೂಲ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರ ಮೀಸಲು ಸೀಟುಗಳಿಗೆ ಬೇರೆ ನಿಯಮ ಇದೆ, ಅದು ಇರಲೇಬೇಕು. ಭಾಷೆ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ಒಟ್ಟಿಗೆ ಬದುಕುವ ಜನರನ್ನು ಒಟ್ಟಿಗೇ ಇಡಿ ಅನ್ನುವ ಮಾತೂ ಬಿಡಿಸಿ ಬರೆದಿಲ್ಲ.

ಕಾಸರಗೋಡಿನವರಿಗೆ ಗೆರೆ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಿಲ್ಲ. ದಕ್ಷಿಣ ಕನ್ನಡದ ತಾಲೂಕಾಗಿದ್ದ ನಾವು 1956ರ ನವೆಂಬರ್ 1ಕ್ಕೆ ಕೇರಳದವರಾದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು. ಅದು ಕಾಗದದಲ್ಲೇ ಉಳಿಯಿತು. ಆ ದೊಡ್ಡ ಗೆರೆಯ ಬಗ್ಗೆ ನಮ್ಮ ಹಿರಿಯರು ಬಹಳ ಮಾತಾಡಿದ್ದಾರೆ, ಜೈಲಿಗೂ ಹೋಗಿದ್ದಾರೆ. ಒಳಗಿನ ಸಣ್ಣ ಗೆರೆಗಳ ಬಗ್ಗೆ ನಾವು ಮಾತಾಡಿದ್ದು ಕಡಿಮೆ. 1957ರ ಮೊದಲ ಕೇರಳ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾಗಿದ್ದರು. ಅಷ್ಟು ಒಗ್ಗಟ್ಟಿನ ಕ್ಷೇತ್ರ ಅದು. ಅದೇ ಕ್ಷೇತ್ರ 2016ರಲ್ಲಿ ತೀರ್ಮಾನವಾದದ್ದು 89 ಮತಗಳಿಂದ. 2021ರಲ್ಲಿ 745 ಮತ. ಯಾರು ಗೆದ್ದರು ಅನ್ನುವುದು ಇಲ್ಲಿ ನನ್ನ ವಿಷಯ ಅಲ್ಲ. ಒಂದು ವಾರ್ಡು ಆಚೆ ಹೋದರೆ, ಒಂದು ವಾರ್ಡು ಈಚೆ ಬಂದರೆ ಇಡೀ ಕ್ಷೇತ್ರದ ಉತ್ತರವೇ ಬದಲಾಗಬಹುದು ಅನ್ನುವುದು ವಿಷಯ.

ಹೆಸರಿನ ಕಥೆ ಕೇಳಿ. ಜಿಲ್ಲೆಯ ದಕ್ಷಿಣದಲ್ಲಿ ಹೊಸದುರ್ಗ ಅಂತ ಒಂದು ವಿಧಾನಸಭಾ ಕ್ಷೇತ್ರ ಇತ್ತು. ಹೊಸ ಕೋಟೆಯ ಊರು, ಕನ್ನಡದ ಹೆಸರು. ಹೋದ ಮರುವಿಂಗಡಣೆಯಲ್ಲಿ ಆ ಹೆಸರು ಹೋಗಿ ಕಾಞಂಗಾಡ್ ಬಂತು. ತಾಲೂಕಿಗೆ ಮಾತ್ರ ಹಳೆಯ ಹೆಸರು ಉಳಿದಿದೆ. ಕಾಞಂಗಾಡ್ ಕೂಡ ಅಲ್ಲಿನ ಜನರ ಬಾಯಲ್ಲಿರುವ ಹೆಸರೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ಉಲ್ಟಾ ನಡೆಯಿತು ನೋಡಿ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳ ಕ್ಷೇತ್ರಕ್ಕಿದ್ದ ಇಂಗ್ಲಿಷ್ ಹೆಸರು ತೆಗೆದು 2005ರಲ್ಲಿ ಅಲ್ಲಿನ ಗೇಲಿಕ್ ಭಾಷೆಯ ಹೆಸರನ್ನು ಇಟ್ಟರು. ಆ ಕ್ಷೇತ್ರದಲ್ಲಿ ಮತದಾರರು ಸುಮಾರು 21,000 ಮಾತ್ರ. ಉಳಿದ ಹೆಚ್ಚಿನ ಕಡೆ ಒಂದು ಕ್ಷೇತ್ರಕ್ಕೆ ಕಡಿಮೆಯೆಂದರೂ 69,724 ಮತದಾರರು ಬೇಕು ಅಂತ ನಿಯಮ. ಆದರೂ ಆ ದ್ವೀಪಗಳನ್ನು ಬೇರೆ ಯಾವುದಕ್ಕೂ ಸೇರಿಸಬಾರದು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ವೇಲ್ಸಿನ ಇನಿಸ್ ಮೋನ್ ದ್ವೀಪಕ್ಕೂ 2020ರಲ್ಲಿ ಇದೇ ರಕ್ಷಣೆ ಸಿಕ್ಕಿತು.

ಆದರೆ ನನ್ನ ಮನಸ್ಸಿಗೆ ಅತಿ ಹತ್ತಿರ ಬಂದ ಕಥೆ ಕೆನಡಾದ ನೋವಾ ಸ್ಕೋಶಿಯಾ ಪ್ರಾಂತದ್ದು. ಅಲ್ಲಿ ಅಕೇಡಿಯನ್ನರು ಎಂಬ ಫ್ರೆಂಚ್ ಮಾತಾಡುವ ಜನ ಇದ್ದಾರೆ. 1755ರಿಂದ ಬ್ರಿಟಿಷರು ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಹಡಗು ಹತ್ತಿಸಿ ಊರು ಬಿಡಿಸಿದ್ದರು. ತಿರುಗಿ ಬಂದವರು ಕರಾವಳಿಯ ಅಲ್ಲೊಂದು ಇಲ್ಲೊಂದು ಹಳ್ಳಿಯಲ್ಲಿ ನೆಲೆ ನಿಂತರು. ಸುತ್ತ ಇಂಗ್ಲಿಷಿನವರು. ಜನಸಂಖ್ಯೆಯ ಲೆಕ್ಕ ಮಾತ್ರ ಹಿಡಿದರೆ ಅವರ ಹಳ್ಳಿಗಳು ದೊಡ್ಡ ಇಂಗ್ಲಿಷ್ ಕ್ಷೇತ್ರದೊಳಗೆ ಕರಗಿಹೋಗುತ್ತವೆ.

1991ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತ್ತು. ಓಟಿನ ಹಕ್ಕು ಅಂದರೆ ಸಂಖ್ಯೆಯ ಸಮಾನತೆ ಮಾತ್ರ ಅಲ್ಲ, ತನ್ನ ಮಾತು ನಿಜವಾಗಿ ತಲುಪುವ ಪ್ರಾತಿನಿಧ್ಯ. ಅದಕ್ಕಾಗಿ ಜನಸಮುದಾಯದ ಇತಿಹಾಸ, ಹಿತ, ಅಲ್ಪಸಂಖ್ಯಾತರ ಪ್ರಾತಿನಿಧ್ಯ ಇವನ್ನೂ ನೋಡಬಹುದು. ಇದನ್ನು ಹಿಡಿದು ನೋವಾ ಸ್ಕೋಶಿಯಾದ ಸ್ವತಂತ್ರ ಆಯೋಗ ಕ್ಲೇರ್, ಆರ್ಗೈಲ್, ರಿಚ್ಮಂಡ್ ಎಂಬ ಮೂರು ಸಣ್ಣ ಕ್ಷೇತ್ರಗಳನ್ನು ಅಕೇಡಿಯನ್ನರಿಗಾಗಿಯೂ, ಪ್ರೆಸ್ಟನ್ ಎಂಬುದನ್ನು ಕರಿಯ ಜನರಿಗಾಗಿಯೂ ಉಳಿಸಿತು. ಅವು ಮೀಸಲು ಅಲ್ಲ, ಯಾರು ಬೇಕಾದರೂ ನಿಲ್ಲಬಹುದು. ಜನರನ್ನು ಒಡೆಯಲಿಲ್ಲ, ಅಷ್ಟೇ.

2012ರಲ್ಲಿ ಅದು ಮುರಿದುಬಿತ್ತು. ಸರಾಸರಿಗಿಂತ 25 ಶೇಕಡಕ್ಕಿಂತ ಜಾಸ್ತಿ ಕಡಿಮೆ ಇರುವ ಕ್ಷೇತ್ರ ಬೇಡ, ಯಾರಿಗೂ ವಿನಾಯಿತಿ ಇಲ್ಲ ಅಂತ ಷರತ್ತು ಬಂತು. ಆಯೋಗ ಮೊದಲು ಆ ಕ್ಷೇತ್ರಗಳನ್ನು ಉಳಿಸಿಯೇ ವರದಿ ಕೊಟ್ಟಿತು. ಸರ್ಕಾರ ಅದನ್ನು ತಿರಸ್ಕರಿಸಿತು. ಎರಡನೇ ಸಲ ಆಯೋಗ ಕೈಚೆಲ್ಲಿತು. ಅಕೇಡಿಯನ್ನರು ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಪ್ರಾಂತದ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸ್ವತಂತ್ರ ಆಯೋಗದ ಕೈ ತಿರುಚಿ ಎಳೆಸಿದ ಗೆರೆ ಸಂವಿಧಾನಕ್ಕೆ ವಿರುದ್ಧ ಅಂದಿತು. ಹೊಸ ಆಯೋಗ ಬಂತು, ಶಾಸನಸಭೆಯ ಸೀಟು 51ರಿಂದ 55ಕ್ಕೆ ಏರಿತು, ನಾಲ್ಕೂ ಕ್ಷೇತ್ರಗಳು ತಿರುಗಿ ಬಂದವು.

ಈ ಕಥೆಯಲ್ಲಿ ಆಯೋಗ ಸ್ವತಂತ್ರವಾಗಿಯೇ ಇತ್ತು. ತಪ್ಪಿದ್ದು ಅದರ ಕೈಗೆ ಕೊಟ್ಟ ಷರತ್ತಿನಲ್ಲಿ. ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿದರೆ ಎಂಥ ಪ್ರಾಮಾಣಿಕರ ಕೈಯಿಂದಲೂ ತಪ್ಪು ಗೆರೆಯೇ ಬರುತ್ತದೆ.

ನ್ಯೂಜಿಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ಮೂಲ ಜನ ಮಾವೊರಿಗಳಿಗೆ 1867ರಿಂದ ಪ್ರತ್ಯೇಕ ಕ್ಷೇತ್ರಗಳಿವೆ, ಈಗ ಏಳು. ಗೆರೆ ಎಳೆಯುವ ಆಯೋಗದಲ್ಲಿ ದೇಶದ ಮುಖ್ಯ ಸರ್ವೆ ಅಧಿಕಾರಿ, ಅಂಕಿಅಂಶದ ಮುಖ್ಯಸ್ಥರು ಮುಂತಾದವರು ಇರುತ್ತಾರೆ. ಆಡಳಿತ ಮತ್ತು ವಿರೋಧ ಪಕ್ಷದ ಕಡೆಯಿಂದ ಒಬ್ಬೊಬ್ಬರು ಇರುತ್ತಾರೆ. ಮಾವೊರಿ ಕ್ಷೇತ್ರಗಳ ಗೆರೆಯ ಮಾತು ಬಂದಾಗ ಇನ್ನೂ ಮೂವರು ಮೇಜಿಗೆ ಬರುತ್ತಾರೆ. ಮಾವೊರಿ ಅಭಿವೃದ್ಧಿ ಇಲಾಖೆಯ ಮುಖ್ಯಸ್ಥರು ಒಬ್ಬರು, ಮಾವೊರಿಗಳೇ ಆದ ಇಬ್ಬರು. ಯಾರ ಊರಿನ ಮೇಲೆ ಗೆರೆ ಹೋಗುತ್ತದೋ ಆ ಊರು ಗೊತ್ತಿದ್ದವರು ಕೋಣೆಯೊಳಗೆ ಇರುತ್ತಾರೆ.

ಗಡಿಯ ಭಾಷೆಯವರಿಗೆ ಗೆರೆಯೇ ಇಲ್ಲದ ಪರಿಹಾರ ಕೊಟ್ಟ ದೇಶಗಳೂ ಇವೆ. ಸ್ಲೊವೇನಿಯಾದ 90 ಸೀಟುಗಳ ಸಭೆಯಲ್ಲಿ ಇಟಾಲಿಯನ್ ಮಾತಾಡುವವರಿಗೆ ಒಂದು, ಹಂಗೇರಿಯನ್ ಮಾತಾಡುವವರಿಗೆ ಒಂದು ಸೀಟು. ಇಬ್ಬರೂ ಗಡಿಯಂಚಿನ ಜನ, ನಮ್ಮ ಹಾಗೆ. ಜರ್ಮನಿಯಲ್ಲಿ ಐದು ಶೇಕಡ ಓಟು ಸಿಗದ ಪಕ್ಷಕ್ಕೆ ಸಾಮಾನ್ಯವಾಗಿ ಸೀಟು ಇಲ್ಲ. ಆದರೆ ಡೆನ್ಮಾರ್ಕ್ ಗಡಿಯ ಡೇನಿಷ್ ಮತ್ತು ಫ್ರಿಸಿಯನ್ ಜನರ ಪಕ್ಷಕ್ಕೆ ಆ ನಿಯಮದಿಂದ ವಿನಾಯಿತಿ ಇದೆ. 2021ರಲ್ಲಿ ಅವರ ಒಬ್ಬ ಪ್ರತಿನಿಧಿ ರಾಷ್ಟ್ರದ ಸಂಸತ್ತಿಗೆ ಹೋದರು.

ನಾನು ಕನ್ನಡಿಗರಿಗೆ ಮೀಸಲು ಸೀಟು ಕೊಡಿ ಅಂತ ಕೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದೇ ಅಂಗಡಿಯ ಜಗಲಿಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಕೇಳುತ್ತದೆ. ಒಂದು ಭಾಷೆಗೆ ಬೇಲಿ ಹಾಕಿದರೆ ಇನ್ನೊಂದಕ್ಕೆ ಚುಚ್ಚುತ್ತದೆ. ನಾನು ಕೇಳುವುದು ಕಡಿಮೆ, ಆದರೆ ಗಟ್ಟಿಯಾದದ್ದು. ಮುಂದಿನ ಡಿಲಿಮಿಟೇಶನ್ ಕಾನೂನಿನಲ್ಲಿ, ಹೊಳೆ ಬೆಟ್ಟಗಳ ಸಾಲಿನಲ್ಲೇ, ಒಟ್ಟಿಗೆ ಬದುಕುವ ಜನಸಮುದಾಯ ಮತ್ತು ಭಾಷಾ ಅಲ್ಪಸಂಖ್ಯಾತರನ್ನೂ ನೋಡಬೇಕು ಅಂತ ಒಂದು ವಾಕ್ಯ ಬರಲಿ. ಕರಡು ಕನ್ನಡದಲ್ಲೂ ಪ್ರಕಟವಾಗಲಿ. ಅಹವಾಲು ಕೇಳುವ ಸಭೆ ತಿರುವನಂತಪುರದಲ್ಲಿ ಅಲ್ಲ, ಕಾಸರಗೋಡಿನಲ್ಲಿ ನಡೆಯಲಿ, ಕನ್ನಡದಲ್ಲಿ ಹೇಳಿದ್ದು ಹೇಳಿದ ಹಾಗೆಯೇ ಬರವಣಿಗೆಗೆ ಹೋಗಲಿ. ಇಲ್ಲಿ ಚುನಾವಣೆಯ ದಿನ ಮತಯಂತ್ರದಲ್ಲಿ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇರುತ್ತದೆ. ಓಟು ಹಾಕುವ ದಿನಕ್ಕೆ ಕನ್ನಡ ಬೇಕು ಅಂತ ಒಪ್ಪಿದವರು ಆ ಓಟಿನ ಗೆರೆ ಎಳೆಯುವ ದಿನಕ್ಕೂ ಒಪ್ಪಬೇಕಲ್ವಾ?

ಇದು ನಮ್ಮೊಬ್ಬರ ಮಾತಲ್ಲ. ತಮಿಳುನಾಡಿನ ತಾಳವಾಡಿಯ ಕನ್ನಡಿಗರು ಭವಾನಿಸಾಗರ ಕ್ಷೇತ್ರದಲ್ಲಿದ್ದಾರೆ. ಕ್ಷೇತ್ರದ ಉಳಿದ ಭಾಗಕ್ಕೆ ಹೋಗಲು ಅವರು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಆಂಧ್ರದ ಮಡಕಶಿರಾದವರಿಗೂ ತಮ್ಮ ತಮ್ಮ ಗೆರೆಯ ಕಥೆ ಇರುತ್ತದೆ.

ಇದನ್ನು ಈಗಲೇ ಯಾಕೆ ಹೇಳಬೇಕು? 1976ರ ಸಂವಿಧಾನ ತಿದ್ದುಪಡಿ ಲೋಕಸಭೆಯ ಸೀಟು ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಆ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನಾಂಕ ಗೊತ್ತಾಗಿದೆ. 2023ರ ಮಹಿಳಾ ಮೀಸಲಾತಿಯ ತಿದ್ದುಪಡಿಯನ್ನೂ ಮರುವಿಂಗಡಣೆಗೇ ಜೋಡಿಸಿದ್ದಾರೆ. ಉತ್ತರಕ್ಕೆ ಎಷ್ಟು ಸೀಟು, ದಕ್ಷಿಣಕ್ಕೆ ಎಷ್ಟು ಅಂತ 2025ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಹಲವು ರಾಜ್ಯಗಳ ನಾಯಕರು ಸಭೆ ಸೇರಿದ್ದರು. ಕೇರಳದ ಮುಖ್ಯಮಂತ್ರಿ, ಕರ್ನಾಟಕದ ಉಪಮುಖ್ಯಮಂತ್ರಿ ಇಬ್ಬರೂ ಅಲ್ಲಿದ್ದರು. ಆ ಚಿಂತೆ ನ್ಯಾಯವಾದದ್ದೇ. ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳು ಅದಕ್ಕಾಗಿ ಸೀಟು ಕಳೆದುಕೊಳ್ಳಬಾರದು. ಆದರೆ ಕೇರಳಕ್ಕೆ ಎಷ್ಟು ಸೀಟು ಸಿಕ್ಕಿದರೂ ಕೇರಳದ ಒಳಗೆ ಗೆರೆ ಎಲ್ಲಿ ಹೋಗುತ್ತದೆ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಅದನ್ನು ಚೆನ್ನೈಯಲ್ಲಿ ಯಾರೂ ನಮ್ಮ ಪರವಾಗಿ ಕೇಳಲಾರರು.

ಮತ್ತೆ ನಮ್ಮ ತೋಡಿಗೆ ಬರುತ್ತೇನೆ. ಅರ್ಜಿ ಕೊಡಲು ಡಿಸೆಂಬರ್ ಮೊದಲ ವಾರದವರೆಗೆ ಸಮಯ ಇತ್ತು. ಮಾವನ ಜಗಲಿಯಲ್ಲಿ ಕೂತು ಒಂದು ಪುಟದ ಅರ್ಜಿ ಬರೆದೆವು, ಕನ್ನಡದಲ್ಲೇ. ಕೆಳಗೆ ಹನ್ನೊಂದು ಮನೆಯವರ ಸಹಿ. ಸುಮ್ನೆ ಬರೆದರೆ ಅವರಿಗೆ ಗೊತ್ತಾಗುವುದಿಲ್ಲ ಅಂತ ಮಾವ ಮೊಮ್ಮಗಳ ಡ್ರಾಯಿಂಗ್ ಪುಸ್ತಕದ ಹಾಳೆ ತರಿಸಿದರು. ಪೆನ್ಸಿಲಿನಲ್ಲಿ ತೋಡು ಬರೆದರು. ಸಂಕ ಎಲ್ಲಿ, ಕಟ್ಟ ಎಲ್ಲಿ, ಶಾಲೆ, ಭಜನಾ ಮಂದಿರ, ರೇಷನ್ ಅಂಗಡಿ ಎಲ್ಲಿ ಅಂತ ಗುರುತು ಹಾಕಿ ಕನ್ನಡದಲ್ಲಿ ಹೆಸರು ಬರೆದರು. ಮಕ್ಕಳು ನಡೆದು ಬರುವ ದಾರಿಗೆ ಚುಕ್ಕಿ ಇಟ್ಟರು. ಗಡಿ ಬೇಕಾದರೆ ತೋಡು ಬಿಟ್ಟು ಆಚೆ ಗುಡ್ಡೆಯ ನೆತ್ತಿಯ ಮಣ್ಣಿನ ರಸ್ತೆಯಲ್ಲಿ ಹೋಗಲಿ ಅಂತ ಅಲ್ಲಿ ಒಂದು ದಪ್ಪ ಗೆರೆ ಎಳೆದರು.

ಅಹವಾಲಿನ ದಿನ ಅಧಿಕಾರಿಯೊಬ್ಬರು ಅರ್ಜಿಯನ್ನು ತಿರುವಿ ನೋಡಿ, ಇದರಲ್ಲಿ ಏನು ಬರೆದಿದೆ ಅಂತ ಮಲಯಾಳದಲ್ಲಿ ಕೇಳಿದರು. ಮಾವ ಮಲಯಾಳದಲ್ಲೇ ಉತ್ತರ ಕೊಟ್ಟರು. ಆಮೇಲೆ ಪೆನ್ಸಿಲಿನ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಆ ಅಧಿಕಾರಿ ಅದನ್ನು ತುಂಬ ಹೊತ್ತು ನೋಡಿದರು. ಚುಕ್ಕಿಗಳ ಮೇಲೆ ಬೆರಳಿಟ್ಟು, ಮಳೆಗಾಲದಲ್ಲಿ ಮಕ್ಕಳು ಹೇಗೆ ಬರುತ್ತಾರೆ ಅಂತ ಕೇಳಿದರು.

ಕೊನೆಯ ಪಟ್ಟಿ ಬಂದಾಗ ಹನ್ನೊಂದರಲ್ಲಿ ಏಳು ಮನೆ ನಮ್ಮ ವಾರ್ಡಿನಲ್ಲಿದ್ದವು. ನಾಲ್ಕು ಮನೆ ಆಚೆ ಹೋಗಿವೆ. ಹೋದ ಡಿಸೆಂಬರಿನಲ್ಲಿ ಕಟ್ಟ ಕಟ್ಟಲು ಆ ನಾಲ್ಕು ಮನೆಯವರೂ ಬಂದಿದ್ದರು.

"ಎಂ.ಎಲ್.ಎ ಕ್ಷೇತ್ರದ ಕರಡು ಬರುವಾಗ ಎಂತ ಮಾಡುವುದು?" ಅಂತ ಮಾವ ಅಲ್ಲೇ ನೀರಿನಲ್ಲಿ ನಿಂತು ಕೇಳಿದರು. ಅದಕ್ಕೆ ಒಂದು ತೋಡಿನ ನಕ್ಷೆ ಸಾಕಾಗುವುದಿಲ್ಲ. ಯಾವ ಪಂಚಾಯತಿನಲ್ಲಿ ಎಷ್ಟು ಕನ್ನಡ ಶಾಲೆ, ಯಾವ ಊರಿನವರು ಯಾವ ಪೇಟೆಗೆ ಹೋಗುತ್ತಾರೆ, ಯಾವ ಹೊಳೆಗೆ ಎಲ್ಲಿ ಸೇತುವೆ ಅಂತ ಬರೆದಿಡಲು ಶುರುಮಾಡಿದ್ದೇವೆ. ಎರಡು ಪಂಚಾಯತಿನದ್ದು ಮುಗಿದಿದೆ.